ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು? ನಿಮ್ಮ ಕಾರಿನ ಲೆಕ್ಕ ನೀವೇ ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಆರು ವರ್ಷ ಹಳೆಯದು, ಓಡಿದ್ದು ಬರೀ 22,000 ಕಿ.ಮೀ. ಮೈಮೇಲೆ ಒಂದು ಗೀರೂ ಇರಲಿಲ್ಲ. "ಪ್ರತಿ 10,000 ಕಿ.ಮೀ.ಗೆ ತಪ್ಪದೆ ಆಯಿಲ್ ಬದಲಿಸಿದ್ದೇವೆ" ಎಂದು ಮಾರಿದವರು ಹೇಳಿದರು. ಸುಳ್ಳಲ್ಲ, ಎರಡೂ ಬಿಲ್ ತೋರಿಸಿದರು. ಮನೆಗೆ ತಂದು ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ಒಳಗೆ ಅಂಟಂಟಾದ ಕಂದು ಕೆಸರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು ಬೇರೆ. ಆಮೇಲೆ ಬಿಲ್‌ಗಳ ಮೇಲಿನ ತಾರೀಕು ನೋಡಿದೆ. ಎರಡರ ನಡುವೆ ಹೆಚ್ಚುಕಡಿಮೆ ಮೂರು ವರ್ಷ! ಕಾರು ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಎರಡು ಕಿ.ಮೀ. ಓಡಿ ನಿಲ್ಲುತ್ತಿತ್ತು ಅಷ್ಟೇ.

ಆ ಎಂಜಿನ್ ಬಿಚ್ಚಿಸಿ ತೊಳೆಸಿದ ಮೇಲೆ ನನಗೆ ಒಂದು ವಿಷಯ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮೀಟರ್ ಎಣಿಸುವುದು ಚಕ್ರ ಉರುಳಿದ ದೂರವನ್ನು. ಆಯಿಲ್‌ಗೆ ವಯಸ್ಸಾಗುವುದು ಎಂಜಿನ್ ಓಡಿದ ಗಂಟೆಗಳಿಂದ, ಶಾಖದಿಂದ, ತಣ್ಣಗಿದ್ದಾಗ ಮಾಡಿದ ಸ್ಟಾರ್ಟ್‌ಗಳಿಂದ. ಎಲ್ಲ ಕಾರಿಗೂ ಒಂದೇ ಸಂಖ್ಯೆ ಹೇಳುವವರನ್ನು ಅದಕ್ಕೇ ನಾನು ನಂಬುವುದಿಲ್ಲ. ನಿಮ್ಮ ಕಾರಿಗೆ, ನಿಮ್ಮ ಓಡಾಟಕ್ಕೆ ಸರಿಯಾದ ಸಂಖ್ಯೆಯನ್ನು ನೀವೇ ಕಂಡುಕೊಳ್ಳಬಹುದು. ಒಂದು ವಾರ ಗಮನವಿಟ್ಟು ಬರೆದುಕೊಂಡರೆ ಸಾಕು.

ಆಯಿಲ್ ಹಾಳಾಗುವುದು ಹೇಗೆ

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಡಬ್ಬಿಯಲ್ಲಿರುವುದು ಬರೀ ಎಣ್ಣೆ ಅಲ್ಲ. ಬಹುಪಾಲು ಮೂಲ ಎಣ್ಣೆ, ಉಳಿದದ್ದು ಅದಕ್ಕೆ ಬೆರೆಸಿದ ಅಡಿಟಿವ್‌ಗಳು. ಒಂದು ಬಗೆಯ ಅಡಿಟಿವ್ ಮಸಿಯನ್ನು ಸಣ್ಣ ಕಣಗಳಾಗಿಯೇ ತೇಲಿಸಿ ಇಟ್ಟುಕೊಳ್ಳುತ್ತದೆ, ಗಡ್ಡೆ ಕಟ್ಟಲು ಬಿಡುವುದಿಲ್ಲ. ಇನ್ನೊಂದು, ಇಂಧನ ಉರಿದಾಗ ಹುಟ್ಟುವ ಆಮ್ಲದ ಶಕ್ತಿ ಅಡಗಿಸುತ್ತದೆ. ಸತು ಮತ್ತು ರಂಜಕ ಇರುವ ಝಡ್‌ಡಿಡಿಪಿ ಎಂಬುದು ಲೋಹದ ಮೇಲೆ ತೆಳುವಾದ ಪದರ ಕಟ್ಟಿ ಸವೆತ ತಡೆಯುತ್ತದೆ. ಈ ಅಡಿಟಿವ್‌ಗಳು ಕೆಲಸ ಮಾಡುತ್ತಾ ಹೋದ ಹಾಗೆ ಖರ್ಚಾಗುತ್ತವೆ. ಎಣ್ಣೆ ಅಷ್ಟೇ ಇರುತ್ತದೆ, ಎಂಜಿನ್ ಕಾಪಾಡುವ ಶಕ್ತಿ ಇಳಿದಿರುತ್ತದೆ.

ಇದಕ್ಕೆ ಎರಡು ಕಡೆಯಿಂದ ಹೊಡೆತ ಬೀಳುತ್ತದೆ. ಒಂದು ಜಾಸ್ತಿ ಶಾಖ. ಬಿಸಿಯಾದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ದಪ್ಪಗಾಗುತ್ತದೆ, ವಾರ್ನಿಷ್ ಥರ ಅಂಟುತ್ತದೆ. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಈ ಕ್ರಿಯೆ ಸುಮಾರು ಎರಡು ಪಟ್ಟು ವೇಗವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು.

ಇನ್ನೊಂದು ಹೊಡೆತ ಶಾಖ ಸಾಲದೆ ಇರುವುದು. ಇದು ಹಲವರಿಗೆ ಗೊತ್ತಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಜೊತೆಗೆ ಪೂರ್ತಿ ಉರಿಯದ ಪೆಟ್ರೋಲ್ ಕೂಡ. ತಣ್ಣಗಿನ ಎಂಜಿನ್‌ಗೆ ಕಂಪ್ಯೂಟರ್ ಜಾಸ್ತಿ ಇಂಧನ ಕೊಡುತ್ತದೆ, ಆದ್ದರಿಂದ ಮೊದಲ ಕೆಲವು ನಿಮಿಷದಲ್ಲೇ ಇದು ಹೆಚ್ಚು. ಆಯಿಲ್ ಚೆನ್ನಾಗಿ ಕಾದು 90-100 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ಇದ್ದರೆ ನೀರು ಆವಿಯಾಗಿ ಹೋಗುತ್ತದೆ, ಪೆಟ್ರೋಲ್ ಕೂಡ ಬಹುಮಟ್ಟಿಗೆ ಹೋಗುತ್ತದೆ. ಕಾಯುವ ಮೊದಲೇ ಎಂಜಿನ್ ಆಫ್ ಮಾಡಿದರೆ ಎರಡೂ ಅಲ್ಲೇ ಉಳಿಯುತ್ತವೆ. ನಾಳೆ ಮತ್ತಷ್ಟು. ನಾಡಿದ್ದು ಇನ್ನಷ್ಟು. ನನ್ನ ಕಾರಿನ ಮುಚ್ಚಳದ ಕೆಳಗಿದ್ದ ಕೆಸರು ಹೀಗೇ ಹುಟ್ಟಿದ್ದು.

ಒಂದು ಮಾತು ಗಮನದಲ್ಲಿಡಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದರೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಾದಿದೆ ಎಂದರ್ಥ. ಆಯಿಲ್ ಕಾಯಲು ಅದಕ್ಕಿಂತ ಬಹಳ ಹೊತ್ತು ಬೇಕು. ಮುಳ್ಳು ಮೇಲೆ ಬಂದು ಇನ್ನೂ ಹತ್ತು ಹದಿನೈದು ನಿಮಿಷ ಓಡಿಸಿದರೆ ಆಯಿಲ್ ಕಾದಿದೆ ಅಂದುಕೊಳ್ಳಬಹುದು.

ಹಂತ 1: ಮ್ಯಾನ್ಯುಯಲ್‌ನಲ್ಲಿ ಎರಡು ಪಟ್ಟಿ ಇರುತ್ತವೆ, ಎರಡನ್ನೂ ಓದಿ

ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್ ಹುಡುಕಿ ತೆಗೆಯಿರಿ. ಕಳೆದುಹೋಗಿದ್ದರೆ ತಯಾರಕರ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಮಾಡೆಲ್, ವರ್ಷ, ಎಂಜಿನ್ ಮೂರೂ ಹೊಂದಬೇಕು. ಒಂದೇ ಕಾರಿನ ಪೆಟ್ರೋಲ್ ಎಂಜಿನ್‌ಗೂ ಟರ್ಬೊ (ಹೊಗೆಯ ಬಲದಿಂದ ಹೆಚ್ಚು ಗಾಳಿ ಒತ್ತಿ ತುಂಬುವ) ಎಂಜಿನ್‌ಗೂ ಬೇರೆ ಬೇರೆ ಅವಧಿ ಇರಬಹುದು.

ಸರ್ವಿಸ್ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯ ಬಳಕೆಯ ಅವಧಿ. ಈಗಿನ ಬಹಳಷ್ಟು ಕಾರುಗಳಿಗೆ ಅದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕೆಲವದಕ್ಕೆ 15,000. ಯುರೋಪಿನ ಕೆಲವು ಕಾರುಗಳಿಗೆ ಲಾಂಗ್‌ಲೈಫ್ ಆಯಿಲ್ ಜೊತೆ 30,000 ಕಿ.ಮೀ. ಅಥವಾ ಎರಡು ವರ್ಷದವರೆಗೂ ಇದೆ. ಹಳೆಯ ಮೆಕ್ಯಾನಿಕ್‌ಗಳು ಹೇಳುವ 5,000 ಕಿ.ಮೀ. ಲೆಕ್ಕ ಮಿನರಲ್ ಆಯಿಲ್ (ಕಚ್ಚಾ ತೈಲದಿಂದ ಸೋಸಿ ತೆಗೆದ ಮಾಮೂಲಿ ಎಣ್ಣೆ) ಮತ್ತು ಕಾರ್ಬ್ಯುರೇಟರ್ ಕಾಲದ್ದು. ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

"ಯಾವುದು ಮೊದಲೋ ಅದು" ಎಂಬ ಮಾತನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ನನ್ನ ಕಾರಿನ ಹಳೆಯ ಮಾಲೀಕರು ತಪ್ಪಿದ್ದು ಸರಿಯಾಗಿ ಇಲ್ಲೇ.

ಎರಡನೆಯ ಪಟ್ಟಿ ಕಠಿಣ ಬಳಕೆಯದ್ದು. ಅದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲೋ, ಹಿಂದಿನ ಪುಟದಲ್ಲೋ ಇರುತ್ತದೆ. ಅದರಲ್ಲಿ ಅವಧಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ. ಎರಡೂ ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ನಿಮ್ಮ ಸಂಖ್ಯೆ ಹೆಚ್ಚಾಗಿ ಇವೆರಡರ ನಡುವೆ ಎಲ್ಲೋ ಇರುತ್ತದೆ.

ಹಂತ 2: ನಿಮ್ಮದು ಕಠಿಣ ಬಳಕೆಯೇ?

ಕಠಿಣ ಎಂದರೆ ಬೆಟ್ಟ ಹತ್ತುವುದು, ರೇಸ್ ಓಡಿಸುವುದು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಮ್ಯಾನ್ಯುಯಲ್ ಓದಿದರೆ ಆಶ್ಚರ್ಯವಾಗುತ್ತದೆ. ಅಲ್ಲಿರುವುದು ನಮ್ಮ ನಿಮ್ಮ ದಿನದ ಓಡಾಟ.

- ಒಂದು ಸಲಕ್ಕೆ 8 ಕಿ.ಮೀ.ಗಿಂತ ಕಡಿಮೆ ಓಡಿಸಿ ನಿಲ್ಲಿಸುವುದು. ಚಳಿ ಜಾಸ್ತಿ ಇದ್ದರೆ 15 ಕಿ.ಮೀ. ಕೂಡ ಇದಕ್ಕೇ ಸೇರುತ್ತದೆ.
- ನಿಂತು ನಿಂತು ಸಾಗುವ ಟ್ರಾಫಿಕ್, ಎಂಜಿನ್ ಆನ್ ಇಟ್ಟು ತುಂಬಾ ಹೊತ್ತು ನಿಲ್ಲುವುದು.
- ಧೂಳು, ಮಣ್ಣಿನ ರಸ್ತೆ.
- ಭಾರ ಎಳೆಯುವುದು, ಕಾರು ತುಂಬ ಜನ ಕೂತು ದಿನಾ ಏರುರಸ್ತೆ ಹತ್ತುವುದು.
- ಬಿರುಬಿಸಿಲಿನಲ್ಲಿ ತುಂಬಾ ಹೊತ್ತು ಅತಿ ವೇಗದ ಓಟ.
- ಟ್ಯಾಕ್ಸಿ, ಡೆಲಿವರಿ ಥರದ ಬಳಕೆ.

ಇವುಗಳಲ್ಲಿ ಒಂದು ನಿಮ್ಮ ಅರ್ಧಕ್ಕಿಂತ ಹೆಚ್ಚು ಓಡಾಟಕ್ಕೆ ಹೊಂದಿದರೆ ನಿಮ್ಮದು ಕಠಿಣ ಬಳಕೆ. ಯಾವಾಗಲೋ ಒಮ್ಮೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಲೆಕ್ಕಕ್ಕಿಲ್ಲ. ಧೂಳಿನ ವಿಷಯದಲ್ಲಿ ಮಾತ್ರ ಉದಾರವಾಗಬೇಡಿ. ಧೂಳಿನಲ್ಲಿರುವುದು ಸಿಲಿಕಾ, ಅಂದರೆ ಮರಳು. ಏರ್ ಫಿಲ್ಟರ್ ಸರಿಯಿಲ್ಲದಿದ್ದರೆ ಅದು ಆಯಿಲ್ ಸೇರಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಅಂಥ ಕಡೆ ಏರ್ ಫಿಲ್ಟರನ್ನೂ ಬೇಗ ಬದಲಿಸಬೇಕು.

ಹಂತ 3: ಕಿಲೋಮೀಟರನ್ನು ಗಂಟೆಗೆ ತಿರುಗಿಸಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಟ್ರ್ಯಾಕ್ಟರ್, ಜನರೇಟರ್, ಜೆಸಿಬಿ ಯಂತ್ರಗಳ ಆಯಿಲನ್ನು ಗಂಟೆ ಲೆಕ್ಕದಲ್ಲೇ ಬದಲಿಸುತ್ತಾರೆ. ಅವುಗಳಲ್ಲಿ ಅವರ್ ಮೀಟರ್ ಇರುತ್ತದೆ. ಕಾರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಲೆಕ್ಕ ಹಾಕುವುದು ಕಷ್ಟವೇನಲ್ಲ.

ನಿಮ್ಮ ಸರಾಸರಿ ವೇಗ ಬೇಕು. ಈಗಿನ ಬಹಳಷ್ಟು ಕಾರುಗಳ ಡಿಸ್‌ಪ್ಲೇಯಲ್ಲಿ ಅದು ಸಿಗುತ್ತದೆ. ಅದನ್ನು ಸೊನ್ನೆ ಮಾಡಿ, ಒಂದೆರಡು ವಾರ ಎಂದಿನಂತೆ ಓಡಿಸಿ ನೋಡಿ. ಡಿಸ್‌ಪ್ಲೇ ಇಲ್ಲದಿದ್ದರೆ ಒಂದು ವಾರ ಪ್ರತಿ ಸಲ ಎಂಜಿನ್ ಆನ್ ಮಾಡಿದ ಹೊತ್ತು, ಆಫ್ ಮಾಡಿದ ಹೊತ್ತು ಬರೆದಿಡಿ. ಸಿಗ್ನಲ್‌ನಲ್ಲಿ ನಿಂತದ್ದೂ ಸೇರಬೇಕು. ವಾರದ ಕಿಲೋಮೀಟರನ್ನು ವಾರದ ಗಂಟೆಗಳಿಂದ ಭಾಗಿಸಿದರೆ ಆಯಿತು. ಬರುವ ಸಂಖ್ಯೆ ನೀವು ಊಹಿಸಿದ್ದಕ್ಕಿಂತ ಕಡಿಮೆಯೇ ಇರುತ್ತದೆ. ದಟ್ಟ ನಗರದಲ್ಲಿ ಗಂಟೆಗೆ 15-20 ಕಿ.ಮೀ. ಬರುವುದು ತೀರಾ ಸಾಮಾನ್ಯ.

ಈಗ ನೋಡಿ. ಸರಾಸರಿ 50 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಿದರೆ ಎಂಜಿನ್ ದುಡಿದದ್ದು 200 ಗಂಟೆ. ಸರಾಸರಿ 20 ಕಿ.ಮೀ. ಆದರೆ ಅದೇ 10,000ಕ್ಕೆ 500 ಗಂಟೆ! ಎರಡೂ ಕಾರಿನ ಮೀಟರ್ ಒಂದೇ ತೋರಿಸುತ್ತದೆ. ಒಂದರ ಆಯಿಲ್ ಇನ್ನೊಂದರ ಎರಡೂವರೆ ಪಟ್ಟು ದುಡಿದಿದೆ.

ಒಳ್ಳೆಯ ಸಿಂಥೆಟಿಕ್ ಆಯಿಲ್ (ರಾಸಾಯನಿಕವಾಗಿ ತಯಾರಿಸಿದ, ಶಾಖ ಹೆಚ್ಚು ತಾಳುವ ಎಣ್ಣೆ) ಹಾಕಿದ ಮಾಮೂಲಿ ಪೆಟ್ರೋಲ್ ಕಾರಿಗೆ ನಾನು 250 ಗಂಟೆ ಇಟ್ಟುಕೊಳ್ಳುತ್ತೇನೆ. ಇದು ನನ್ನ ಆಯ್ಕೆ, ಯಾವ ತಯಾರಕರ ನಿಯಮವೂ ಅಲ್ಲ. ಆದರೆ ಗುಣಿಸಿ ನೋಡಿ: ಸರಾಸರಿ 40 ಇದ್ದರೆ 10,000 ಕಿ.ಮೀ. ಬರುತ್ತದೆ, ಸರಾಸರಿ 20 ಇದ್ದರೆ 5,000. ಮ್ಯಾನ್ಯುಯಲ್‌ನ ಎರಡು ಪಟ್ಟಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಆದ್ದರಿಂದ ನನಗೆ ಈ ಲೆಕ್ಕದ ಮೇಲೆ ಭರವಸೆ ಇದೆ.

ಒಂದು ಕಟ್ಟುಪಾಡು ಮಾತ್ರ ಮೀರಬೇಡಿ. ಗಂಟೆ ಲೆಕ್ಕದಲ್ಲಿ ಎಷ್ಟೇ ಬರಲಿ, ಮ್ಯಾನ್ಯುಯಲ್ ಹೇಳಿದ ಗರಿಷ್ಠ ಕಿಲೋಮೀಟರ್ ಮತ್ತು ಗರಿಷ್ಠ ತಿಂಗಳು ದಾಟಕೂಡದು. ಹೆದ್ದಾರಿಯಲ್ಲಿ ಸರಾಸರಿ 60 ಬಂತು, 250 ಗಂಟೆಗೆ 15,000 ಆಯಿತು ಎಂದು 10,000ದ ಕಾರನ್ನು ಅಲ್ಲಿಯವರೆಗೆ ಎಳೆಯಬೇಡಿ. ವಾರಂಟಿಯೂ ಹೋಗುತ್ತದೆ.

ಮೂರು ಜನರ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲನೆಯವರು ದಿನಾ ಹೆದ್ದಾರಿಯಲ್ಲಿ 35 ಕಿ.ಮೀ. ಹೋಗಿ 35 ಕಿ.ಮೀ. ಬರುತ್ತಾರೆ. ಸರಾಸರಿ 45. ಗುಣಿಸಿದರೆ 11,250. ಮ್ಯಾನ್ಯುಯಲ್ ಮಿತಿ 10,000, ಆದ್ದರಿಂದ ಅದೇ ಅವರ ಸಂಖ್ಯೆ. ಅವರ ಕಾರು ವರ್ಷಕ್ಕೆ ತುಂಬಾ ಓಡುತ್ತದೆ, ಆದರೂ ಆಯಿಲ್‌ಗೆ ಇದು ಆರಾಮದ ಬದುಕು. ಅವರು 5,000ಕ್ಕೇ ಬದಲಿಸಿದರೆ ಒಳ್ಳೆಯ ಎಣ್ಣೆ ಚೆಲ್ಲಿದಂತೆ.

ಎರಡನೆಯವರ ಕೆಲಸ ಬರೀ 12 ಕಿ.ಮೀ. ದೂರ, ಆದರೆ ತಲುಪಲು 45 ನಿಮಿಷ ಬೇಕು. ಸರಾಸರಿ 16. ವರ್ಷಕ್ಕೆ 250 ದಿನ ಓಡಿದರೆ 6,000 ಕಿ.ಮೀ. "ನಂದು ಕಡಿಮೆ ಓಡಾಟ, ವರ್ಷಕ್ಕೊಮ್ಮೆ ಸಾಕು" ಅನ್ನಿಸುತ್ತದೆ ಅಲ್ವಾ? ಗಂಟೆ ನೋಡಿ: ವರ್ಷಕ್ಕೆ 375. ಅವರ ಸಂಖ್ಯೆ 4,000 ಕಿ.ಮೀ., ಅಂದರೆ ಎಂಟು ತಿಂಗಳು.

ಮೂರನೆಯವರು ವಾರಕ್ಕೆ ಎರಡು ಸಲ 3 ಕಿ.ಮೀ. ಹೋಗಿ ಬರುತ್ತಾರೆ. ವರ್ಷಕ್ಕೆ ಸುಮಾರು 600 ಕಿ.ಮೀ., 30-40 ಗಂಟೆ. ಇಲ್ಲಿ ಗಂಟೆ ಲೆಕ್ಕ ಕೈಕೊಡುತ್ತದೆ. ಆಯಿಲ್ ಒಮ್ಮೆಯೂ ಪೂರ್ತಿ ಕಾಯುವುದೇ ಇಲ್ಲ. ಇವರಿಗೆ ತಿಂಗಳೇ ಅಳತೆ. ನಾನಾದರೆ ಆರು ತಿಂಗಳಿಗೆ ಬದಲಿಸುತ್ತೇನೆ. ಅಥವಾ ಎರಡು ವಾರಕ್ಕೊಮ್ಮೆ 40 ನಿಮಿಷ ತೆರೆದ ರಸ್ತೆಯಲ್ಲಿ ಓಡಿಸಿ ಆಯಿಲ್ ಕಾಯಿಸುತ್ತೇನೆ, ಆಗ ವರ್ಷ ಪೂರ್ತಿ ಇಡಬಹುದು. ನಿಂತಲ್ಲೇ ಎಂಜಿನ್ ಆನ್ ಇಟ್ಟರೆ ಈ ಕೆಲಸ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಆಯಿಲ್ ಸರಿಯಾಗಿ ಕಾಯುವುದಿಲ್ಲ, ಪೆಟ್ರೋಲ್ ಮಾತ್ರ ಇಳಿಯುತ್ತದೆ.

ಹಂತ 4: ಎಂಜಿನ್ ಯಾವ ಬಗೆಯದು ನೋಡಿ

ಮಾಮೂಲಿ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ ಎಂದರೆ ಹಂತ 3ರ ಸಂಖ್ಯೆ ಹಾಗೇ ಇರಲಿ.

ಟರ್ಬೊ ಇದ್ದರೆ ಸ್ವಲ್ಪ ಕಡಿಮೆ ಮಾಡಿ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಒಂದು ಬದಿಗೆ ಉರಿಯುವ ಹೊಗೆ ಬಡಿಯುತ್ತಿರುತ್ತದೆ. ಅದನ್ನು ಹಿಡಿದಿರುವುದು ತೆಳುವಾದ ಒಂದು ಆಯಿಲ್ ಪದರ. ಹಳಸಿದ ಆಯಿಲ್ ಅಲ್ಲಿ ಸುಟ್ಟು ಇದ್ದಿಲಿನಂತೆ ಕಟ್ಟಿಕೊಂಡು ಸಣ್ಣ ಕೊಳವೆಯನ್ನು ಮುಚ್ಚುತ್ತದೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರ್‌ಗೇ ಚಿಮ್ಮಿಸುವ ವ್ಯವಸ್ಥೆ) ಕೂಡ ಇದ್ದರೆ ಆಯಿಲ್‌ಗೆ ಪೆಟ್ರೋಲ್ ಬೆರೆಯುವುದು ಇನ್ನೂ ಜಾಸ್ತಿ. ಇಂಥ ಎಂಜಿನ್‌ಗೆ ನಾನು 250ರ ಬದಲು 200 ಗಂಟೆ ಹಿಡಿಯುತ್ತೇನೆ.

ಡೀಸೆಲ್ ಕಾರಿನಲ್ಲಿ ಮಸಿ ಹೆಚ್ಚು. ಜೊತೆಗೆ ಡಿಪಿಎಫ್ ಎಂಬ ಹೊಗೆ ಸೋಸುವ ಫಿಲ್ಟರ್ ಇದ್ದರೆ ಇನ್ನೊಂದು ತೊಂದರೆ ಇದೆ. ಫಿಲ್ಟರ್‌ನಲ್ಲಿ ತುಂಬಿದ ಮಸಿಯನ್ನು ಸುಡಲು ಬಹಳಷ್ಟು ಎಂಜಿನ್‌ಗಳು ಸಿಲಿಂಡರ್‌ಗೇ ಸ್ವಲ್ಪ ಡೀಸೆಲ್ ಹೆಚ್ಚಾಗಿ ಬಿಡುತ್ತವೆ. ಆ ಕೆಲಸ ಮುಗಿಯುವ ಮೊದಲೇ ನೀವು ಪದೇ ಪದೇ ಎಂಜಿನ್ ಆಫ್ ಮಾಡಿದರೆ ಆ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಪೆಟ್ರೋಲ್‌ನಂತೆ ಅದು ಸುಲಭವಾಗಿ ಆವಿಯಾಗುವುದಿಲ್ಲ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತದೆ! ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ಅಳೆಯುವ ಉದ್ದ ಕಡ್ಡಿ) ಮೇಲಿನ ಗುರುತು ದಾಟಿದ್ದು ಕಂಡರೆ ಕಿಲೋಮೀಟರ್ ಎಷ್ಟೇ ಇರಲಿ, ತಕ್ಷಣ ಬದಲಿಸಿ.

ಹೈಬ್ರಿಡ್ ಕಾರಿನವರು ಎಂಜಿನ್ ಕಡಿಮೆ ಓಡುತ್ತದೆ ಎಂದು ಅವಧಿ ಹೆಚ್ಚಿಸಬೇಡಿ. ಎಂಜಿನ್ ಆಗಾಗ ನಿಂತು ತಣ್ಣಗಾಗುವುದರಿಂದ ತೇವ ಉಳಿಯುತ್ತದೆ. ಬ್ಯಾಟರಿ ಕಾರಿಗೆ ಎಂಜಿನ್ ಆಯಿಲ್ ಇಲ್ಲ.

ಹಂತ 5: ಯಾವ ಆಯಿಲ್ ಹಾಕಿದ್ದೀರಿ ತಿಳಿದುಕೊಳ್ಳಿ

ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದಿದ್ದರೆ, ಮೊದಲ ಭಾಗ ಚಳಿಯಲ್ಲಿ ಅದು ಎಷ್ಟು ಸರಾಗ ಹರಿಯುತ್ತದೆ ಎಂಬುದು. ಡಬ್ಲ್ಯು ಎಂದರೆ ವಿಂಟರ್. 30 ಎಂಬುದು 100 ಡಿಗ್ರಿಯಲ್ಲಿ ಅದರ ದಪ್ಪದ ದರ್ಜೆ. ಮ್ಯಾನ್ಯುಯಲ್ ಹೇಳಿದ ಗ್ರೇಡ್ ಬಿಟ್ಟು ಬೇರೆ ಹಾಕಬೇಡಿ. "ದಪ್ಪ ಆಯಿಲ್ ಹಾಕಿದರೆ ಹೆಚ್ಚು ರಕ್ಷಣೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಈಗಿನ ಎಂಜಿನ್‌ಗಳ ಸಂದಿಗಳು, ಪಂಪ್, ವಾಲ್ವ್ ಟೈಮಿಂಗ್ ಎಲ್ಲವೂ ಒಂದು ದಪ್ಪಕ್ಕೆಂದೇ ಮಾಡಿದವು.

ಗ್ರೇಡ್ ಒಂದೇ ನೋಡಿದರೆ ಸಾಲದು, ಗುಣಮಟ್ಟದ ಸಂಕೇತವನ್ನೂ ನೋಡಿ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಸಂಕೇತದಲ್ಲಿ ಎಸ್ ಅಕ್ಷರದಿಂದ ಶುರುವಾದದ್ದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಶುರುವಾದದ್ದು ಡೀಸೆಲ್‌ಗೆ. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಸಮಯಕ್ಕೆ ಮೊದಲೇ ಹೊತ್ತಿಕೊಳ್ಳುವುದನ್ನೂ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ತೆರೆಸುವ ಸರಪಳಿ) ಸವೆಯುವುದನ್ನೂ ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ. ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಉಳಿಸುವ ಆಯಿಲೇ ಬೇಕು. ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಂಕೇತದಲ್ಲಿ ಅದು ಸಿ ವರ್ಗ, ಸಿ2, ಸಿ3 ಎಂಬಂತೆ ಬರೆದಿರುತ್ತದೆ. ಎಪಿಐ ಸಿ ಬೇರೆ, ಎಸಿಇಎ ಸಿ ಬೇರೆ. ಅದಲು ಬದಲು ಮಾಡಿಕೊಳ್ಳಬೇಡಿ.

ಮಿನರಲ್ ಆಯಿಲ್ ಶಾಖಕ್ಕೆ ಬೇಗ ಸೋಲುತ್ತದೆ, ಪೂರ್ತಿ ಸಿಂಥೆಟಿಕ್ ಹೆಚ್ಚು ಹೊತ್ತು ತಾಳುತ್ತದೆ. ಆದರೆ ಸಿಂಥೆಟಿಕ್ ಹಾಕಿದ ಮಾತ್ರಕ್ಕೆ ಅವಧಿ ಎರಡು ಪಟ್ಟು ಮಾಡಬಾರದು. ನೀರು, ಪೆಟ್ರೋಲ್, ಮಸಿ, ಧೂಳು ಎರಡಕ್ಕೂ ಒಂದೇ ಪ್ರಮಾಣದಲ್ಲಿ ಸೇರುತ್ತವೆ. ಮಿನರಲ್ ಆಯಿಲ್ ಹಾಕಬಹುದಾದ ಹಳೆಯ ಕಾರಾದರೆ 5,000 ಕಿ.ಮೀ. ಅಥವಾ ಆರು ತಿಂಗಳಿಗೆ ನಿಲ್ಲಿಸಿ.

ಲಾಂಗ್‌ಲೈಫ್ 30,000ದ ಬಗ್ಗೆ ನನ್ನ ಅಭಿಪ್ರಾಯ ಹೇಳಲೇಬೇಕು. ಕಾರನ್ನು ಮೂರು ನಾಲ್ಕು ವರ್ಷದಲ್ಲಿ ಮಾರುವವರಿಗೆ ಅದು ನಡೆಯಬಹುದು. ಹದಿನೈದು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ಅರ್ಧಕ್ಕೇ ಬದಲಿಸಿ. ಪಿಸ್ಟನ್‌ನ ಆಯಿಲ್ ರಿಂಗ್ ಮಸಿ ಕಟ್ಟಿ ಹಿಡಿದುಕೊಂಡರೆ, ಟೈಮಿಂಗ್ ಚೈನ್ ಸಡಿಲವಾದರೆ ಆಗುವ ಕೆಲಸ ಬಹಳ ದೊಡ್ಡದು.

ಹಂತ 6: ಡಿಪ್‌ಸ್ಟಿಕ್ ಓದಲು ಕಲಿಯಿರಿ

ತಿಂಗಳಿಗೆ ಎರಡು ಸಲ, ದೂರ ಹೊರಡುವ ಮೊದಲು ಒಂದು ಸಲ. ಕಾರು ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗಿಳಿಯಬೇಕು. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಮೊದಲ ಸಲದ ಓದು ನಂಬಬೇಡಿ. ಡಿಪ್‌ಸ್ಟಿಕ್ ಇಲ್ಲದ ಕಾರುಗಳಲ್ಲಿ ಮಟ್ಟ ಡ್ಯಾಶ್‌ಬೋರ್ಡ್‌ನ ಮೆನುವಿನಲ್ಲಿ ಸಿಗುತ್ತದೆ.

ಮಟ್ಟ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇದ್ದರೆ ಒಳ್ಳೆಯದು. ಬಹಳಷ್ಟು ಕಾರುಗಳಲ್ಲಿ ಎರಡು ಗುರುತಿನ ನಡುವಿನ ಅಂತರ ಸುಮಾರು ಒಂದು ಲೀಟರ್. ಕೆಳಗಿಳಿದಿದ್ದರೆ ಅದೇ ಗ್ರೇಡ್, ಅದೇ ಸಂಕೇತದ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ. ಬ್ರ್ಯಾಂಡ್ ಬೇರೆಯಾದರೂ ಪರವಾಗಿಲ್ಲ. ಜಾಸ್ತಿ ತುಂಬಬೇಡಿ, ಕ್ರ್ಯಾಂಕ್‌ಶಾಫ್ಟ್ (ಎಂಜಿನ್‌ನೊಳಗೆ ತಿರುಗುವ ಮುಖ್ಯ ದಂಡ) ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಲೋಹವನ್ನು ಕಾಪಾಡಲಾರದು.

ಕಾರು ಆಯಿಲ್ ಕುಡಿಯುತ್ತಿದ್ದರೆ ಇದು ಇನ್ನೂ ಮುಖ್ಯ. ಕಡಿಮೆ ಆಯಿಲ್ ಎಂದರೆ ಅಷ್ಟೇ ಕೊಳೆ ಸ್ವಲ್ಪ ಎಣ್ಣೆಯಲ್ಲಿ ಸೇರುತ್ತದೆ, ಬೇಗ ಹಳಸುತ್ತದೆ. 1,000 ಕಿ.ಮೀ.ಗೆ ಎಷ್ಟು ಇಳಿಯಿತು ಎಂದು ಬರೆದಿಡಿ. ಆ ಸಂಖ್ಯೆ ಏರುತ್ತಾ ಹೋದರೆ ಮೆಕ್ಯಾನಿಕ್‌ಗೆ ತೋರಿಸಿ.

ಇನ್ನು ಬಣ್ಣ. ಕಪ್ಪಾಯಿತು ಎಂದ ತಕ್ಷಣ ಹಾಳಾಯಿತು ಎಂದಲ್ಲ. ಮಸಿಯನ್ನು ಹಿಡಿದಿಟ್ಟುಕೊಳ್ಳುವ ಅಡಿಟಿವ್ ಕೆಲಸ ಮಾಡುತ್ತಿದೆ ಎಂದು. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿ.ಮೀ.ಗೆ ಕಪ್ಪಾಗುತ್ತದೆ. ಹಾಗೆಯೇ ಹೊಂಬಣ್ಣ ಇದ್ದರೆ ಚೆನ್ನಾಗಿದೆ ಎಂದೂ ಅಲ್ಲ. ನೋಡಬೇಕಾದದ್ದು ಬೇರೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಬರೀ ಮುಚ್ಚಳದಲ್ಲಿ ಮಾತ್ರ ಹಳದಿ ನೊರೆ ಇದ್ದರೆ ಅದು ಸಣ್ಣ ಓಟದ ತೇವ. ಡಿಪ್‌ಸ್ಟಿಕ್‌ನಲ್ಲೂ ಹಾಗಿದ್ದರೆ ಕೂಲೆಂಟ್ ಸೋರುತ್ತಿರಬಹುದು, ಕಾರು ಓಡಿಸಬೇಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೂ, ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ಸಿಕ್ಕಿದರೂ ಕಾಯಬೇಡಿ.

ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುವ ಹಳೆಯ ವಿಧಾನ ಕೂಡ ಇದೆ. ಸೋಸುವ ಕಾಗದದ ಮೇಲೆ ಬಿಸಿ ಆಯಿಲ್‌ನ ಒಂದು ಹನಿ ಬಿಟ್ಟು ಕೆಲವು ಗಂಟೆ ಬಿಡಿ. ಮಸಿ ಹೊರಗಿನವರೆಗೂ ಮೆಲ್ಲಗೆ ಹರಡಿದರೆ ಅಡಿಟಿವ್ ಜೀವಂತ ಇದೆ. ಮಧ್ಯದಲ್ಲಿ ದಟ್ಟ ಕಪ್ಪು ಚುಕ್ಕೆ, ಅದಕ್ಕೆ ಚೂಪಾದ ಅಂಚು, ಸುತ್ತ ತಿಳಿ ಎಣ್ಣೆ ಇದ್ದರೆ ಹಿಡಿದಿಡುವ ಶಕ್ತಿ ಮುಗಿದಿದೆ. ಪೂರ್ತಿ ತೀರ್ಪು ಇದರಿಂದ ಸಿಗುವುದಿಲ್ಲ, ಆದರೆ ಡೀಸೆಲ್ ಕಾರಿನವರಿಗೆ ಉಪಯೋಗ ಇದೆ.

ಹಂತ 7: ಡ್ಯಾಶ್‌ಬೋರ್ಡ್ ಹೇಳುವುದನ್ನು ಎಷ್ಟು ನಂಬಬೇಕು

ಕೆಲವು ಕಾರುಗಳಲ್ಲಿ ಆಯಿಲ್ ಲೈಫ್ ಶೇಕಡಾವಾರು ಕಾಣುತ್ತದೆ. ಜನರಲ್ ಮೋಟರ್ಸ್ 1980ರ ದಶಕದ ಕೊನೆಯಲ್ಲೇ ಇಂಥ ವ್ಯವಸ್ಥೆ ತಂದಿತ್ತು. ಇಂಥ ಬಹುಪಾಲು ವ್ಯವಸ್ಥೆಗಳು ಆಯಿಲನ್ನು ನೇರವಾಗಿ ಪರೀಕ್ಷೆ ಮಾಡುವುದಿಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಾಗಿತ್ತು, ತಣ್ಣಗಿದ್ದಾಗ ಎಷ್ಟು ಸಲ ಸ್ಟಾರ್ಟ್ ಆಯಿತು ಎಂದು ಕಾರಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಾವು ಹಂತ 3ರಲ್ಲಿ ಕೈಯಲ್ಲಿ ಮಾಡಿದ್ದನ್ನೇ ಅದು ಇನ್ನೂ ಸೂಕ್ಷ್ಮವಾಗಿ ಮಾಡುತ್ತದೆ. ನಿಮ್ಮ ಕಾರಿನಲ್ಲಿ ಇದಿದ್ದರೆ ನಂಬಿ, ಶೇ 10-15ಕ್ಕೆ ಇಳಿದಾಗ ಬದಲಿಸಿ. ಆದರೆ ನೀವು ಕಡಿಮೆ ದರ್ಜೆಯ ಆಯಿಲ್ ಹಾಕಿದ್ದೀರೋ, ಮಟ್ಟ ಇಳಿದಿದೆಯೋ, ಧೂಳು ಸೇರಿದೆಯೋ ಎಂಬುದು ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ.

ಬರೀ ಸ್ಪ್ಯಾನರ್ ಗುರುತು ತೋರಿಸುವ ಕಾರುಗಳಲ್ಲಿ ಬಹಳಷ್ಟು ಸಲ ಅದು ಕಿಲೋಮೀಟರ್ ಮತ್ತು ತಾರೀಕಿನ ನೆನಪೋಲೆ ಅಷ್ಟೇ.

ಕೆಂಪು ಬಣ್ಣದ ಎಣ್ಣೆ ಕ್ಯಾನ್ ದೀಪ ಮಾತ್ರ ಸರ್ವಿಸ್ ಸೂಚನೆ ಅಲ್ಲ. ಆಯಿಲ್ ಒತ್ತಡ ಇಲ್ಲ ಎಂಬ ಎಚ್ಚರಿಕೆ. ಓಡುವಾಗ ಅದು ಹತ್ತಿದರೆ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ತಕ್ಷಣ ಎಂಜಿನ್ ಆಫ್ ಮಾಡಿ. ಮನೆ ಹತ್ತಿರವೇ ಇದೆ ಎಂದು ಓಡಿಸಿದರೆ ಆ ಎರಡು ನಿಮಿಷಕ್ಕೆ ಎಂಜಿನ್ ಹೋಗುತ್ತದೆ.

ಹಂತ 8: ಸಂಖ್ಯೆ ಗೊತ್ತುಮಾಡಿ, ಬರೆದಿಡಿ

ಈಗ ನಿಮ್ಮ ಕೈಯಲ್ಲಿ ಮೂರು ಅಳತೆ ಇವೆ: ಮ್ಯಾನ್ಯುಯಲ್ ಹೇಳಿದ ಕಿಲೋಮೀಟರ್, ಅದು ಹೇಳಿದ ತಿಂಗಳು, ಗಂಟೆಯಿಂದ ಬಂದ ಕಿಲೋಮೀಟರ್. ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಿಮ್ಮ ದಿನ. "ಮುಂದಿನ ಆಯಿಲ್: 46,500 ಕಿ.ಮೀ. ಅಥವಾ ನವೆಂಬರ್" ಎಂದು ಚೀಟಿ ಬರೆದು ಬಾನೆಟ್ ಕೆಳಗೋ ಬಾಗಿಲ ಅಂಚಿಗೋ ಅಂಟಿಸಿ. ಫೋನ್‌ನಲ್ಲೂ ನೆನಪು ಹಾಕಿಡಿ. ಬಿಲ್‌ನಲ್ಲಿ ಗ್ರೇಡ್ ಮತ್ತು ಸಂಕೇತ ಬರೆಸಿಕೊಳ್ಳಿ, ವಾರಂಟಿ ಪ್ರಶ್ನೆ ಬಂದರೆ ಅದೇ ಸಾಕ್ಷಿ.

ಕೆಲಸ ಬದಲಾದರೆ, ಮನೆ ಬದಲಾದರೆ, ಕಾರು ಬೇರೆಯವರು ಓಡಿಸಲು ಶುರು ಮಾಡಿದರೆ ಹಂತ 3ರ ಲೆಕ್ಕ ಮತ್ತೆ ಹಾಕಿ. ಇದನ್ನು ನಾನೂ ಮರೆಯುತ್ತಿದ್ದೆ. ಈಗ ಪ್ರತಿ ಆಯಿಲ್ ಬದಲಾವಣೆಯ ದಿನ ಸರಾಸರಿ ವೇಗ ಬರೆದುಕೊಂಡು ಸೊನ್ನೆ ಮಾಡುತ್ತೇನೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಹಿಂದಿನ ಚರಿತ್ರೆ ಗೊತ್ತಿಲ್ಲದಿದ್ದರೆ ಮೊದಲ ವಾರವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. 2,000-3,000 ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ. ಹೊಸ ಆಯಿಲ್ ಒಳಗಿನ ಕೊಳೆಯನ್ನು ನಿಧಾನಕ್ಕೆ ಬಿಡಿಸುತ್ತದೆ. ತುಂಬಾ ಕೆಸರಿದ್ದ ಎಂಜಿನ್‌ಗೆ ಫ್ಲಶ್ (ಒಳಗೆ ತೊಳೆಯುವ ರಾಸಾಯನಿಕ) ಹಾಕಿ ಒಮ್ಮೆಗೇ ತೊಳೆಯಲು ಹೋಗಬೇಡಿ. ಬಿಡಿಸಿಕೊಂಡ ಗಡ್ಡೆ ಆಯಿಲ್ ಪಂಪ್‌ನ ಜಾಲರಿಗೆ ಹೋಗಿ ಕೂತರೆ ಆಯಿಲ್ ಮೇಲೇರುವುದೇ ನಿಲ್ಲುತ್ತದೆ.

ನಿಮ್ಮ ಸಂಖ್ಯೆ ಸರಿಯೇ ಎಂದು ಖಚಿತವಾಗಿ ತಿಳಿಯಬೇಕೆಂದರೆ ಲ್ಯಾಬ್ ಪರೀಕ್ಷೆ ಇದೆ. ಬದಲಿಸುವಾಗ ಹರಿಯುವ ಆಯಿಲ್‌ನ ಮಧ್ಯದ ಭಾಗದಿಂದ ಸ್ವಚ್ಛ ಶೀಶೆಗೆ ಸ್ವಲ್ಪ ಹಿಡಿದು ಕಳಿಸಬೇಕು. ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಎಷ್ಟು ಸವೆದು ಸೇರಿದೆ, ಸಿಲಿಕಾನ್ ಎಷ್ಟಿದೆ, ಇಂಧನ ಎಷ್ಟು ಬೆರೆತಿದೆ, ಆಮ್ಲ ತಡೆಯುವ ಶಕ್ತಿ ಎಷ್ಟು ಉಳಿದಿದೆ ಎಂದು ವರದಿ ಬರುತ್ತದೆ. ಒಂದು ವರದಿಗಿಂತ ಎರಡು ಮೂರು ವರದಿಗಳ ಹೋಲಿಕೆ ಹೆಚ್ಚು ಹೇಳುತ್ತದೆ. ಎಲ್ಲರಿಗೂ ಇದು ಬೇಕಾಗಿಲ್ಲ. ಹಲವು ಕಾರು ಓಡಿಸುವವರಿಗೆ, ದುಬಾರಿ ಎಂಜಿನ್ ಇರುವವರಿಗೆ ಸಾರ್ಥಕ.

ಬದಲಿಸುವ ದಿನ

ಆಯಿಲ್ ಬೆಚ್ಚಗಿದ್ದಾಗ ಇಳಿಸಿ, ಕೊಳೆಯೂ ಜೊತೆಗೆ ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಫಿಲ್ಟರನ್ನು ಪ್ರತಿ ಸಲ ಬದಲಿಸಿ. ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲೇ ಎಂಜಿನ್‌ಗೆ ಹೋಗುತ್ತದೆ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟಿಕೊಂಡು ಉಳಿದಿಲ್ಲ ಎಂದು ನೋಡಿ. ಅದರ ಮೇಲೆ ಹೊಸದು ಕೂತರೆ ಆಯಿಲೆಲ್ಲ ಸೋರಿಹೋಗುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಹೊಸದಿರಲಿ. ತುಂಬಿದ ಮೇಲೆ ಒಂದು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಕೆಳಗೆ ಸೋರಿಕೆ ನೋಡಿ, ಡಿಪ್‌ಸ್ಟಿಕ್ ಮತ್ತೆ ಓದಿ. ಡ್ಯಾಶ್‌ಬೋರ್ಡ್‌ನ ಲೆಕ್ಕವನ್ನು ರೀಸೆಟ್ ಮಾಡಿ. ಸರ್ವಿಸ್ ಸೆಂಟರ್‌ನಲ್ಲಿ ಮಾಡಿಸಿದರೂ ಆಯಿಲ್ ಮಟ್ಟ ಮತ್ತು ರೀಸೆಟ್, ಈ ಎರಡನ್ನು ನೀವೇ ಪರೀಕ್ಷಿಸಿಕೊಂಡು ಹೊರಡಿ.

ಮನೆಯಲ್ಲೇ ಬದಲಿಸಿದರೆ ಹಳೆಯ ಆಯಿಲನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಒಂದು ಗ್ಯಾಲನ್ ಹಳೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿ ಮಾಡಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೋ ಸಂಗ್ರಹ ಕೇಂದ್ರಕ್ಕೋ ಕೊಡಿ. ಸೋಸಿ ಶುದ್ಧ ಮಾಡಿದರೆ ಅದರಿಂದಲೇ ಮತ್ತೆ ಹೊಸ ಆಯಿಲ್ ತಯಾರಾಗುತ್ತದೆ.